ನರಸೀಪುರದಿಂದ ಬಂದ ನಂಜನಗೂಡು ರಸಬಾಳೆ

ಮೊನ್ನೆ ಸಂಜೆ ಕೆಲಸ ಮುಗಿಸಿ ಎಂದಿನಂತೆ ನಂಜನಗೂಡಿನ ಮನೆಗೆ ಹೊರಟವನು ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ತಳ್ಳುಗಾಡಿಯನ್ನು ದಾಟುವಾಗ ಮೂಗಿಗೆ ಒಂದು ವಾಸನೆ ಬಡಿಯಿತು. ಬಾಳೆಹಣ್ಣಿನದೇ, ಆದರೆ ನಾನು ಬಲ್ಲ ಯಾವ ಬಾಳೆಹಣ್ಣಿನದೂ ಅಲ್ಲ. ನಾನು ನಿಂತದ್ದನ್ನು ಕಂಡ ಗಾಡಿಯವನು, "ನಂಜನಗೂಡು ರಸಬಾಳೆ ಸಾ, ಅಸಲಿ" ಎಂದ. ಅಸಲಿ ಎಂದು ಅವನೇ ಹೇಳಿದ ಮೇಲೆ ಅದು ನಕಲಿ ಎಂಬುದು ನನಗೆ ಖಾತ್ರಿಯಾಯಿತು. ನಂಜನಗೂಡಿನಲ್ಲೇ ಹೈಸ್ಕೂಲು ಓದಿದವನು ನಾನು, ರಸಬಾಳೆಯ ವಿಷಯ ನನಗೆ ಹೇಳಬೇಡ ಎಂದು ದಬಾಯಿಸಿದೆ. ಅವನು ವಾದಕ್ಕೇ ಬರಲಿಲ್ಲ. ಅದೂ ಅನುಮಾನಕ್ಕೆ ಎಡೆಮಾಡಿತು. ಆದರೂ ಒಂದು ಚಿಪ್ಪು ಕಟ್ಟಿಸಿಕೊಂಡೆ. ಜನ ಹೀಗೂ ಮೋಸ ಮಾಡುತ್ತಾರೆ ನೋಡಿ ಎಂದು ಮನೆಯಲ್ಲಿ ಅಪ್ಪನಿಗೆ ತೋರಿಸಬೇಕಿತ್ತು.

ನನ್ನ ಈ ಗುಣ ನಿಮಗೆ ಮೊದಲೇ ತಿಳಿದಿರಲಿ. ಬಸ್ ಹತ್ತುವಾಗ ಬೋರ್ಡು ಓದುತ್ತೇನೆ, ಕಂಡಕ್ಟರನ್ನು ಕೇಳುತ್ತೇನೆ, ಆಮೇಲೆ ಪಕ್ಕದಲ್ಲಿ ಕೂತವರನ್ನೂ ಕೇಳುತ್ತೇನೆ. ಎಲ್ಲರೂ ಒಂದೇ ಊರು ಹೇಳಿದರೆ ಇವರೆಲ್ಲ ಮಾತಾಡಿಕೊಂಡಿದ್ದಾರೆಯೇ ಎನ್ನಿಸುತ್ತದೆ. ಯಾರಾದರೂ ಹೊಗಳಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಇದು ಹುಟ್ಟುಗುಣವಲ್ಲ, ಅಪ್ಪನನ್ನು ನೋಡಿ ನೋಡಿ ಬೆಳೆಸಿಕೊಂಡದ್ದು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಯಾರು ಏನು ಹೇಳಿದರೂ ನಂಬುವವರು. ಗಂಧದ ಕೊರಡೆಂದು ಅವರು ತಂದದ್ದನ್ನು ಎಷ್ಟು ತೇಯ್ದರೂ ಸೌದೆಯ ವಾಸನೆ ಬರುತ್ತಿತ್ತು. ಜೇನುತುಪ್ಪವೆಂದು ತಂದದ್ದು ಬೆಲ್ಲದ ಪಾಕ. ನಿಮ್ಮ ಮುಖ ಕಂಡರೆ ವ್ಯಾಪಾರಿಗಳಿಗೆ ಹಬ್ಬ ಎಂದು ಅಮ್ಮ ನೆಂಟರಿಷ್ಟರ ಎದುರಿಗೇ ಹಂಗಿಸುತ್ತಿದ್ದರು. ಅಪ್ಪ ನಗುತ್ತಿದ್ದರು. ಆ ನಗುವನ್ನು ನೋಡಲಾರದೆ, ನಾನಂತೂ ಯಾರಿಂದಲೂ ಮೋಸ ಹೋಗಕೂಡದು ಎಂದು ಚಿಕ್ಕಂದಿನಲ್ಲೇ ತೀರ್ಮಾನಿಸಿದ್ದೆ.

ನಾನು ನರಸೀಪುರದಲ್ಲಿ ಎಂಟನೆಯ ಕ್ಲಾಸು ಮುಗಿಸಿದಾಗ ಅಪ್ಪನಿಗೆ ನಂಜನಗೂಡಿಗೆ ವರ್ಗವಾಯಿತು. ತೊಂಬತ್ತರ ದಶಕದ ನಡುಭಾಗವದು. ಹೊಸ ಶಾಲೆಯಲ್ಲಿ ಒಂದು ಪದ್ಧತಿಯಿತ್ತು. ಒಂಬತ್ತನೆಯವರು ಶಾಲೆಯ ಹಿಂದೆ ಒಂದು ಬಾಳೆಕಂದು ನೆಟ್ಟು ನೀರೆರೆಯಬೇಕು. ಮರುವರ್ಷ ಹತ್ತನೆಯದು ಮುಗಿಸಿ ಹೊರಡುವಾಗ, ಬೀಳ್ಕೊಡುಗೆಯ ದಿನ, ಅದರ ಗೊನೆಯನ್ನು ಎಲ್ಲರೂ ಹಂಚಿಕೊಂಡು ತಿನ್ನಬೇಕು. ಅದು ರಸಬಾಳೆಯೇ ಆಗಿರಬೇಕೆಂದು ಊರಿನ ಹಟ. ಆದರೆ ಆ ಹೊತ್ತಿಗೆ ರಸಬಾಳೆಗೆ ಸೊರಗು ರೋಗ ಬಿದ್ದು ತೋಟಗಳು ಒಂದೊಂದಾಗಿ ಹಾಳಾಗುತ್ತಿದ್ದವು. ದೇವನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಮಂಗಳ ಎಂಬ ಹುಡುಗಿಯ ಅಪ್ಪ ತಮ್ಮ ತೋಟವನ್ನೇ ಕಿತ್ತು ಹಾಕಿದ್ದರು. ಈ ಸಲ ಬೇರೆ ಬಾಳೆ ನೆಡೋಣ ಎಂದರು ಹೆಡ್ಮಾಸ್ಟರು.

ಇದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು. ಆ ಭಾನುವಾರ ಹಳೆಯ ಮನೆಯ ಬೀಗದ ಕೈ ಕೊಟ್ಟು ಬರಲು ನರಸೀಪುರಕ್ಕೆ ಹೋದ ಅಪ್ಪ, ಸಂಜೆ ತೊಡೆಯ ಮೇಲೆ ಬಾಳೆಕಂದೊಂದನ್ನು ಇಟ್ಟುಕೊಂಡು ಬಸ್ಸಿನಲ್ಲಿ ಬಂದರು. ನಂಜನಗೂಡಿನ ಕಂದಿಗೆಲ್ಲ ರೋಗ ತಗುಲಿದೆ, ಇದು ಹೊಳೆದಂಡೆಯಲ್ಲಿ ಬೆಳೆದ ಶುದ್ಧ ರಸಬಾಳೆ ಎಂದು ಸಂತೆಯಲ್ಲಿ ಯಾರೋ ಹೇಳಿದ್ದರಂತೆ. ನಂಜನಗೂಡು ರಸಬಾಳೆಯನ್ನು ನರಸೀಪುರದಿಂದ ನಂಜನಗೂಡಿಗೆ ತಂದವರು ನಮ್ಮಪ್ಪ ಒಬ್ಬರೇ ಇರಬೇಕು. ಮರುದಿನ ಪ್ಯಾಂಟು ಮಡಚಿ, ತಾವೇ ಗುಂಡಿ ತೋಡಿ, ಶಾಲೆಯ ಹಿಂದೆ ಅದನ್ನು ನೆಟ್ಟರು. ಹೆಡ್ಮಾಸ್ಟರು ಕೈ ಮುಗಿದರು. ಆವತ್ತು ಅಪ್ಪನ ವಿಷಯದಲ್ಲಿ ನನಗೆ ಹೆಮ್ಮೆಯಾಯಿತು.

ಕಂದು ನಾಲ್ಕೆಲೆ ಬಿಟ್ಟ ಮೇಲೆ ಶುರುವಾಯಿತು ನೋಡಿ ಗುಸುಗುಸು. ಹುಡುಗರು ಬಾಳೆಯ ಸುತ್ತ ನಿಂತು ಏನೋ ಮಾತಾಡುವರು, ನಾನು ಹತ್ತಿರ ಹೋದರೆ ಬಾಯಿ ಮುಚ್ಚುವರು. ನನ್ನ ಬೆಂಚಿನ ಸಿದ್ದರಾಜು ಆಕಾಶ ನೋಡಿ ಮಳೆಯ ಮಾತೆತ್ತುತ್ತಿದ್ದ, ಮೋಡವೇ ಇಲ್ಲದ ದಿನವೂ. ನಾನು ನರಸೀಪುರದವನು, ಗುಮಾಸ್ತರ ಮಗ, ಹೊಲ ಗದ್ದೆ ಇಲ್ಲದವನು. ನನ್ನನ್ನು ಹೊರಗಿಟ್ಟು ಏನೋ ಸಂಚು ನಡೆಯುತ್ತಿದೆ ಎಂದುಕೊಂಡೆ. ಗೊನೆ ಬಿದ್ದ ಮೇಲೆ ನನಗೆ ಕೊಡದೆ ತಿಂದುಬಿಡುತ್ತಾರೆಯೇ? ಅಪ್ಪ ನೆಟ್ಟದ್ದೆಂದು ಕಡಿದು ಹಾಕುತ್ತಾರೆಯೇ? ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು ನೀರಿನ ತೊಟ್ಟಿಯ ಹಿಂದೆ ಅವಿತು ಕಾಯತೊಡಗಿದೆ. ಒಂದು ದಿನ ಮಂಗಳ ನೀರು ಹಾಕುತ್ತಿದ್ದಳು, ಪಕ್ಕದಲ್ಲಿ ಸಿದ್ದರಾಜು ನಿಂತಿದ್ದ. "ಯಾರ್ಗೆ ಗೊತ್ತಾದ್ರೂ ಸರಿ, ಅವ್ನಿಗೆ ಮಾತ್ರ ಗೊತ್ತಾಗ್ಬಾರ್ದು" ಎಂದು ಅವನು ಹೇಳಿದ್ದು ನನ್ನ ಕಿವಿಗೇ ಬಿತ್ತು. ಅಲ್ಲಿಗೆ ನನ್ನ ಅನುಮಾನ ಗಟ್ಟಿಯಾಯಿತು. ಅಂದಿನಿಂದ ಅವನು ಕೊಟ್ಟ ಕಡಲೆಕಾಯನ್ನೂ ಒಡೆದು ಪರೀಕ್ಷಿಸಿಯೇ ತಿನ್ನುತ್ತಿದ್ದೆ.

ಹತ್ತನೆಯ ಕ್ಲಾಸಿನಲ್ಲಿ ಗೊನೆ ಬಿತ್ತು. ಕಾಯಿಯ ಮೈಮೇಲೆಲ್ಲ ಬೆಳ್ಳಗೆ ಬೂದಿ ಬಳಿದ ಹಾಗಿತ್ತು. ಅಪ್ಪ ಕಚೇರಿ ಬಿಟ್ಟ ಮೇಲೆ ದಿನವೂ ಬಂದು ಅದನ್ನು ನೋಡಿ ಹೋಗುತ್ತಿದ್ದರು. ನಂಜುಂಡೇಶ್ವರನ ಊರಿನ ಹಣ್ಣಲ್ಲವೇ, ಹುಟ್ಟುವಾಗಲೇ ವಿಭೂತಿ ಧರಿಸಿದೆ ಎಂದು ಒಮ್ಮೆ ಹೆಡ್ಮಾಸ್ಟರಿಗೆ ವಿವರಿಸಿದರು. ಅವರು ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿಕೊಂಡರು. ಇವರೂ ಆ ಗುಂಪಿಗೆ ಸೇರಿದ್ದಾರೆ ಎಂದು ನನಗೆ ಆಗಲೇ ಹೊಳೆಯಿತು.

ಬೀಳ್ಕೊಡುಗೆಯ ದಿನ ಅಪ್ಪನನ್ನೂ ಕರೆದು ವೇದಿಕೆಯ ಮೇಲೆ ಕೂರಿಸಿದರು. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಒಬ್ಬೊಬ್ಬರೇ ಎದ್ದು ಶಾಲೆಯ ವರ್ಷಗಳನ್ನು ನೆನೆದರು. ಗಣಿತದ ಪೀರಿಯಡ್ಡಿನಲ್ಲಿ ನಿದ್ದೆ ಹೋಗಿ ಬೆಂಚಿನಿಂದ ಬಿದ್ದದ್ದನ್ನು ಸಿದ್ದರಾಜು ಹೇಳಿದ, ಕೆಲವರು ಅತ್ತರು. ನನ್ನ ಸರದಿ ಬಂದಾಗ ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಎರಡು ವರ್ಷವೂ ನಾನು ಇವರನ್ನು ಕಾಯುತ್ತಿದ್ದೆನೇ ಹೊರತು ಇವರ ಜೊತೆ ಇರಲಿಲ್ಲ. ಎಲ್ಲರಿಗೂ ವಂದನೆ ಎಂದಷ್ಟೇ ಹೇಳಿ ಕೂತೆ.

ಕೊನೆಗೆ ಮಂಗಳ ಎದ್ದಳು. ಇವಳು ಇವತ್ತು ಎಲ್ಲರೆದುರು ಅಪ್ಪನ ಮಾನ ಕಳೆಯುತ್ತಾಳೆ ಎಂದುಕೊಂಡೆ. ಯಾವ ವಿಷಯಕ್ಕೆ ಎಂಬುದು ಮಾತ್ರ ಗೊತ್ತಿರಲಿಲ್ಲ.

"ನಮ್ಮ ತೋಟ್ದಲ್ಲಿ ಬಾಳೆ ಓಯ್ತು ಸಾ. ಇವ್ರು ಎಲ್ಲಿಂದ್ಲೋ ತಂದು ನೆಟ್ರು, ದಿನಾ ಬಂದು ನೋಡ್ಕೊಂಡ್ರು. ಮೊದಲ್ನೇ ಅಣ್ಣು ಇವ್ರೇ ತಿನ್ಬೇಕು" ಎಂದು ಹೇಳಿ ಅವಳು ಹಣ್ಣನ್ನು ಅಪ್ಪನ ಕೈಗಿಟ್ಟಳು.

ಅಪ್ಪನಿಗೇ ಮೊದಲು ಯಾಕೆ ಎಂದು ನಾನು ದಿಟ್ಟಿಸಿ ನೋಡಿದೆ. ಅಪ್ಪ ತಿಂದು ಕಣ್ಣು ಮುಚ್ಚಿದರು. ಆಮೇಲೆ ಎಲ್ಲರೂ ತಿಂದರು. ಯಾರೂ ಅರ್ಧ ತಿಂದು ಎಸೆಯಲಿಲ್ಲ. ಎಲ್ಲರೂ ಒಬ್ಬರಿಗಿಂತ ಒಬ್ಬರು ಜೋರಾಗಿ ಹೊಗಳಿದರು. ನನ್ನ ಹಣ್ಣಿನಲ್ಲಿ ಒಂದೆರಡು ಬೀಜ ಸಿಕ್ಕವು, ಅಸಲಿಗೆ ಬೀಜ ಇರುತ್ತದೆ ಎಂದುಕೊಂಡೆ. ನಮ್ಮ ಮನೆಗೆ ಬರುತ್ತಿದ್ದದ್ದು ಏಲಕ್ಕಿ ಬಾಳೆ, ಇಲ್ಲವೇ ಪಚ್ಚಬಾಳೆ. ರಸಬಾಳೆಯ ರುಚಿ ನನಗೆ ಹೇಗೆ ಗೊತ್ತಿರಬೇಕು? ಆಮೇಲೂ ಅದನ್ನು ಹುಡುಕಿ ತಿನ್ನಲಿಲ್ಲ. ಎಲ್ಲಾದರೂ ಕಂಡರೆ ಮೈಮೇಲೆ ಬೂದಿ ಇದೆಯೇ ಎಂದು ನೋಡುತ್ತಿದ್ದೆ, ಇಲ್ಲದಿದ್ದರೆ ನಕಲಿ ಎಂದು ಮುಂದೆ ಹೋಗುತ್ತಿದ್ದೆ.

ಮೊನ್ನೆ ನಂಜನಗೂಡಿನ ಬಸ್ಸಿನಲ್ಲಿ ಕೂತು, ಮೋಸ ಎಷ್ಟರ ಮಟ್ಟಿಗೆ ಎಂದು ತಿಳಿಯಲು ಆ ಚಿಪ್ಪಿನಿಂದ ಒಂದು ಹಣ್ಣು ಸುಲಿದೆ. ಬಾಯಿಗಿಟ್ಟ ಮೇಲೆ ನನಗೆ ನನ್ನ ಮೇಲೇ ಅನುಮಾನ ಬಂತು. ನಕಲಿ ಹಣ್ಣು ಇಷ್ಟು ಚೆನ್ನಾಗಿರಬಾರದು. ಅದೇ ಬಸ್ಸಿನಲ್ಲಿ ಮಂಗಳ ಇದ್ದಳು. ಅವಳೀಗ ಮುಡುಕುತೊರೆಯ ಕಡೆ ಪ್ರೈಮರಿ ಸ್ಕೂಲಿನ ಟೀಚರು, ವಾರದಲ್ಲಿ ಎರಡು ಮೂರು ಸಲ ಸಿಗುತ್ತಾಳೆ. ಒಂದು ಹಣ್ಣು ಅವಳಿಗೆ ಕೊಟ್ಟು ಇದೇನು ಹೇಳು ಎಂದೆ. ಅವಳು ಮೂಸಿದವಳೇ, ರಸಬಾಳೆ ಅಲ್ಲವೇ, ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಹಾಗಾದರೆ ನಾವು ಸ್ಕೂಲಿನಲ್ಲಿ ತಿಂದದ್ದು? ಅವಳು ಕಿಟಕಿಯ ಕಡೆ ತಿರುಗಿ ನಗತೊಡಗಿದಳು.

"ಬೂದಿಬಾಳೆ ಕಣೋ ಅದು. ಎಲೆ ಬಿಡ್ತಿದ್ದಂಗೇ ಎಲ್ರುಗೂ ಗೊತ್ತಾಯ್ತು. ನಿಮ್ಮಪ್ಪ ದಿನಾ ಬಂದು ಅದ್ರ ಮೈ ಸವರ್ಕೊಂಡು ಓಗೋರಲ್ಲ, ಯೋಳೋಕೆ ಯಾರ್ಗೂ ಬಾಯೇ ಬರ್ನಿಲ್ಲ."

ಸಂಚೇನೋ ನಡೆದಿತ್ತು, ನನ್ನ ಲೆಕ್ಕ ತಪ್ಪಿರಲಿಲ್ಲ. ಆದರೆ ಒಂದಿಡೀ ಕ್ಲಾಸು ಎರಡು ವರ್ಷ ಬಾಯಿ ಬಿಗಿಹಿಡಿದದ್ದು ನಮ್ಮಪ್ಪನ ಮುಖ ಬಾಡದಿರಲಿ ಎಂದು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಅಂಥ ಗೆಳೆಯರ ನಡುವೆ ಇದ್ದೂ ನಾನು ತೊಟ್ಟಿಯ ಹಿಂದೆ ಕೂತಿದ್ದೆ.

ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದರು. ಹಣ್ಣು ಕೊಟ್ಟೆ. ಸುಲಿದು, ನಿಧಾನವಾಗಿ ಜಗಿದು, ಮಾರಿದವನು ಏನೆಂದು ಕೊಟ್ಟ ಎಂದು ಕೇಳಿದರು. ರಸಬಾಳೆ ಅಂತ ಎಂದೆ.

"ಅಲ್ಲ ಕಣೋ. ನಮ್ಮ ಸ್ಕೂಲಿನ ಗೊನೆ ನೆನಪಿಲ್ವಾ? ಅದು ರಸಬಾಳೆ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹೇಳಬೇಕಾದ ನಿಜ ನನ್ನ ನಾಲಗೆಯ ತುದಿಯಲ್ಲೇ ಇತ್ತು.

"ಹೌದಪ್ಪ, ಅದೇ ಅಸಲಿ."

"ಹಾಗಾದ್ರೆ ನಿನಗೂ ಟೋಪಿ ಹಾಕಿದ್ರು ಅನ್ನು," ಎಂದು ಅಪ್ಪ ನಕ್ಕರು. ಅಮ್ಮ ಹೋದ ಮೇಲೆ ಅವರು ಅಷ್ಟು ಖುಷಿಯಾಗಿ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಹಾಕಿದ್ರಪ್ಪ ಎಂದೆ. ಅವರು ನನ್ನ ಬೆನ್ನು ತಟ್ಟಿ, ಹೋಗಲಿ ಬಿಡು, ಯಾರಿಗೂ ಹೇಳುವುದಿಲ್ಲ ಎಂದು ಸಮಾಧಾನ ಮಾಡಿ, ಇನ್ನೊಂದು ಹಣ್ಣು ಸುಲಿದರು.