ಲಿಂಕಿನ ಹಿಂದೆ ಹೋದ ಪ್ರೋಗ್ರಾಮ್

ತೊಂಬತ್ತರ ದಶಕದ ನಡುವಿನಲ್ಲಿ, ವಿಶಾಖಪಟ್ಟಣದ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿದ್ದ ಫೈಲುಗಳನ್ನು ವಿಜಯವಾಡದ ಶಾಖೆಯವರು ಓದುವಂತೆ ಪ್ರೋಗ್ರಾಮ್ ಬರೆದವನು ನಾನು. ಅವರು ಓದಲೆಂದು ತೆರೆದಿಟ್ಟ ಹಂಚಿಕೆಯ ಡೈರೆಕ್ಟರಿಯಲ್ಲಿ ಯಾರು ಬೇಕಾದರೂ ಫೈಲು ಇಡುವಂತಿರಬೇಕೆಂದು ಹಟ ಹಿಡಿದವನೂ ನಾನೇ. ಮಾಹಿತಿಗೆ ಮೇಲು ಕೀಳಿಲ್ಲವೆಂದು ಕಾಲೇಜಿನ ಚರ್ಚಾಕೂಟದಲ್ಲಿ ಗೆದ್ದ ವಾದವನ್ನೇ ಮೀಟಿಂಗಿನಲ್ಲಿ ಮಂಡಿಸಿ, ಅಲ್ಲಿಯೂ ಗೆದ್ದಿದ್ದೆ.

ವರ್ಗಾವಣೆಯ ಪಟ್ಟಿಯನ್ನು ಅದು ಹೊರಬೀಳುವ ಮುನ್ನವೇ ನೋಡಿಬಿಡುವ ಪೈಪೋಟಿ ನಮ್ಮ ಕಚೇರಿಯಲ್ಲಿ ವರ್ಷವರ್ಷವೂ ವ್ರತದಂತೆ ನಡೆಯುತ್ತಿತ್ತು. ಆ ವರ್ಷ ನಮ್ಮಲ್ಲೇ ಯಾರೋ ದಿನದ ವರದಿಯ ಹೆಸರಿನಲ್ಲಿ ಒಂದು ಸಿಂಬಾಲಿಕ್ ಲಿಂಕ್ ಮಾಡಿಟ್ಟರು. ಅದು ಫೈಲಲ್ಲ, ಬೇರೆಡೆಯ ಫೈಲಿನತ್ತ ತೋರಿಸುವ ಕೈಮರ. ತೋರಿಸಿದ್ದು ಮ್ಯಾನೇಜರರ ಗೋಪ್ಯ ಪಟ್ಟಿಯತ್ತ. ಹೆಸರು ಹಂಚಿಕೆಯ ಡೈರೆಕ್ಟರಿಯಲ್ಲಿದೆಯೇ ಎಂದಷ್ಟೇ ನೋಡಿದ ನನ್ನ ಪ್ರೋಗ್ರಾಮ್, ಲಿಂಕಿನ ಹಿಂದೆ ಹೋಗಿ, ಯಾವ ಫೈಲನ್ನಾದರೂ ತೆರೆಯಲು ತನಗಿದ್ದ ಅಧಿಕಾರದಿಂದ ಪಟ್ಟಿಯನ್ನು ತೆರೆದುಕೊಟ್ಟಿತು. ವಿಜಯವಾಡದಲ್ಲಿ ಧಾರವಾಡದ ಕಡೆಯ ಆಪರೇಟರ್ ಒಬ್ಬರು ಎಂದಿನಂತೆ ವರದಿಯನ್ನು ಪ್ರಿಂಟಿಗೆ ಕೊಟ್ಟರೆ, ಎಲ್ಲರೆದುರಿಗೆ ಹೊರಬಂದದ್ದು ವರ್ಗಾವಣೆಯ ಪಟ್ಟಿ. ಮ್ಯಾನೇಜರರ ಪಾಸ್‌ವರ್ಡ್ ಕದ್ದಿದ್ದಾರೆಂದು ಆ ಹೆಣ್ಣುಮಗಳಿಗೆ ಮೆಮೊ ಹೋಯಿತು.

ನನ್ನ ಮೊದಲ ದುರಸ್ತಿಯೂ ಕಚ್ಚಾ. ತೆರೆಯುವ ಮುನ್ನ ಅದು ಲಿಂಕೋ ಫೈಲೋ ಎಂದು ನೋಡುವಂತೆ ಮಾಡಿದೆ. ನೋಡುವುದಕ್ಕೂ ತೆರೆಯುವುದಕ್ಕೂ ನಡುವಿನ ಕ್ಷಣದಲ್ಲಿ ಫೈಲು ತೆಗೆದು ಲಿಂಕ್ ಇಡಬಹುದೆಂದು ಪರೀಕ್ಷಿಸಿದಾಗ ಗೊತ್ತಾಯಿತು. ಕೊನೆಗೆ, ಕೇಳಿದವರಿಗೆ ಎಷ್ಟು ಅಧಿಕಾರವಿದೆಯೋ ಅಷ್ಟರಲ್ಲೇ ಫೈಲು ತೆರೆಯುವಂತೆ, ತೆರೆದ ಮೇಲೆ ಅದು ಮೊದಲು ನೋಡಿದ ಫೈಲೇ ಎಂದು ತಾಳೆ ನೋಡುವಂತೆ ತಿದ್ದಿದೆ. ತಪ್ಪು ನನ್ನದೆಂದು ಬರೆದೂ ಕೊಟ್ಟೆ.

ಅದನ್ನು ಮೇಲಕ್ಕೆ ಕಳಿಸಲಾಗದೆಂದು ಮ್ಯಾನೇಜರ್ ತೆಲುಗಿನಲ್ಲಿ ನಯವಾಗಿಯೇ ವಿವರಿಸಿದರು: ಪ್ರೋಗ್ರಾಮನ್ನು ಹೊಗಳಿ ಮೇಲಕ್ಕೆ ಬರೆದಾಗಿದೆ, ಈಗ ಅದರಲ್ಲಿ ದೋಷವಿತ್ತೆಂದರೆ ಎಲ್ಲರಿಗೂ ವಿಚಾರಣೆ. ಹದಿನೈದು ದಿನಗಳಲ್ಲಿ ಆದೇಶ ಬಂತು. ಆಪರೇಟರಿಗೆ ಎಚ್ಚರಿಕೆ ನೀಡಿ ಪ್ರಕರಣವನ್ನು ಕೈಬಿಡಲಾಗಿತ್ತು. ಅದರ ಪ್ರತಿಯನ್ನು ನಾನೇ ರೈಲಿನಲ್ಲಿ ವಿಜಯವಾಡಕ್ಕೆ ಒಯ್ದೆ.

ಆಪರೇಟರ್ ಅದನ್ನು ಎರಡು ಸಲ ಓದಿದರು.

"ಎಚ್ಚರಿಕೆ ಯಾತಕ್ರೀ ಸರ್? ದಿನಾ ಹೊಡಿಯೋ ಪ್ರಿಂಟಿಗೇನು?"

ಇನ್ನು ಹಾಗಾಗದು, ಪ್ರೋಗ್ರಾಮ್ ಸರಿಮಾಡಿದ್ದೇನೆ ಎಂದೆ.

"ಪ್ರೋಗ್ರಾಮ್ ಸರಿ ಆತು ಬಿಡ್ರಿ. ನನ್ನ ಸರ್ವಿಸ್ ಬುಕ್ಕಿನಾಗ ಈ ಸಾಲು ಹಂಗ ಉಳೀತಲ್ಲ."

ಆ ಸಾಲನ್ನು ತೆಗೆಸಲು, ವಿಶಾಖಪಟ್ಟಣದ ಗಾಜುವಾಕ ಬಡಾವಣೆಯ ಬಾಡಿಗೆ ಮನೆಯಲ್ಲಿ ಕೂತು ಎರಡು ವರ್ಷ ಪತ್ರ ಬರೆದೆ. ಒಂದಕ್ಕಿಂತ ಒಂದರಲ್ಲಿ ವಾದ ಬಿಗಿಯಾಗಿತ್ತು. ಯಾವುದಕ್ಕೂ ಉತ್ತರ ಬರಲಿಲ್ಲ. ಪ್ರಮೋಷನ್ನಿನ ಸಂದರ್ಶನದಲ್ಲಿ ಅವರನ್ನು ಮೊಟ್ಟಮೊದಲು ಕೇಳಿದ್ದು ಆ ಸಾಲಿನ ಬಗ್ಗೆಯೇ ಎಂದು ಆಮೇಲೆ ತಿಳಿಯಿತು.