ಅತ್ತೆಯೊಡನೆ ಇಟಲಿಯ ಕಡಲಿಗೆ

ನಮ್ಮ ಕಾರಿನ ಹಿಂಬದಿಯಲ್ಲಿ ವರ್ಷದ ಹನ್ನೆರಡು ತಿಂಗಳೂ ಒದ್ದೆ ಟವೆಲಿನ ವಾಸನೆ. ಮಗಳು ಮಿಹಿಕಾಳಿಗೆ ಒಂಬತ್ತು ವರ್ಷ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ನಮ್ಮ ಅಪಾರ್ಟ್‌ಮೆಂಟಿನಿಂದ ವಾರಕ್ಕೆರಡು ಸಲ ಅವಳನ್ನು ಈಜಿನ ಕ್ಲಾಸಿಗೆ ಕರೆದೊಯ್ಯುತ್ತೇನೆ, ಮರಳುವಾಗ ಹಿಂದಿನ ಸೀಟಿನಲ್ಲಿ ನನ್ನ ಅತ್ತೆ ಶಾರದಮ್ಮ ಮೊಮ್ಮಗಳ ತಲೆ ಒರೆಸುತ್ತಾ ಕೂತಿರುತ್ತಾರೆ. ನನ್ನ ಅತ್ತೆ ಎಂದೆ. ಕಾನೂನಿನ ಪ್ರಕಾರ ಆ ಪದದ ಮುಂದೆ ‘ಮಾಜಿ’ ಎಂದು ಸೇರಿಸಬೇಕಂತೆ. ಮಂತ್ರಿಗಳು ಮಾಜಿಯಾಗುತ್ತಾರೆ, ಸೈನಿಕರು ಮಾಜಿಯಾಗುತ್ತಾರೆ, ಗಂಡನೂ ಮಾಜಿಯಾಗಬಲ್ಲನೆಂದು ಕಳೆದ ಚಳಿಗಾಲದಲ್ಲಿ ಕಲಿತೆ. ಆದರೆ ದಿನಾ ಬೆಳಿಗ್ಗೆ ನನ್ನ ಡಬ್ಬಿಗೆ ಚಪಾತಿ ಸುತ್ತಿಡುವ ಹೆಂಗಸಿಗೆ ಆ ಪದವನ್ನು ಅಂಟಿಸಲು ನನ್ನ ನಾಲಿಗೆ ಇವತ್ತಿಗೂ ಒಪ್ಪಿಲ್ಲ.

ಮಿಹಿಕಾ ಹುಟ್ಟಿದಾಗ ಅತ್ತೆ ಹಾಸನದಿಂದ ಬಂದವರು, ಮಗುವನ್ನು ಬಿಟ್ಟಿರಲಾರದೆ ಇಲ್ಲೇ ಉಳಿದುಬಿಟ್ಟರು. ನಾನೂ ಪ್ರಕಾಶನೂ ಬೇರೆಯಾಗಿ ಅವನು ಡ್ಯಾನ್‌ವಿಲ್‌ಗೆ ಮನೆ ಬದಲಿಸಿದಾಗ, ತಾಯಿಯ ಸೂಟ್‌ಕೇಸನ್ನೂ ಕಾರಿಗೆ ಹಾಕಲು ಬಂದಿದ್ದ. ಅತ್ತೆ ಬಾಗಿಲಲ್ಲೇ ನಿಂತು, “ಮಗು ಇಲ್ಲೈತೆ ಕಣಪ್ಪ, ನಾನೂ ಇಲ್ಲೇ ಇರ್ತೀನಿ” ಎಂದು ಆ ಸೂಟ್‌ಕೇಸನ್ನು ಮತ್ತೆ ಒಳಗೆ ಎಳೆದುಕೊಂಡರು. ಅಂದಿನಿಂದ ಲಿವರ್‌ಮೋರಿನ ಗುಡಿಗೆ ಹೋದಾಗಲೆಲ್ಲ, ಕೈಯಲ್ಲಿ ಪುಳಿಯೋಗರೆಯ ತಟ್ಟೆ ಹಿಡಿದ ಯಾರಾದರೊಬ್ಬರು, “ಇನ್ನೂ ಮಗನ ಮನೆಗೆ ಹೋಗ್ಲಿಲ್ವಾ ಆಂಟೀ?” ಎಂದು ಕೇಳಿಯೇ ಕೇಳುತ್ತಾರೆ, ಪಕ್ಕದಲ್ಲಿ ನಾನು ತಲೆ ತಗ್ಗಿಸುತ್ತೇನೆ.

ಇಟಲಿಯ ಪೂರ್ವ ತೀರದ ಆ ರೆಸಾರ್ಟನ್ನು ನಾವು ನಾಲ್ವರೂ ಕೂತು ಆರಿಸಿದ್ದು ಇದಕ್ಕೆಲ್ಲ ಮುಂಚೆ. ಮರಳಿನ ಮೇಲೆ ಸಾಲುಸಾಲು ಛತ್ರಿ, ಮಕ್ಕಳಿಗೆ ಮೊಣಕಾಲುದ್ದದ ಸಮುದ್ರ, ಕುಟುಂಬಗಳಿಗೆಂದೇ ಮಾಡಿದ ಜಾಗ ಎಂಬ ಜಾಹೀರಾತು. ಆ ‘ಕುಟುಂಬ’ ಎಂಬ ಪದವೇ ನನ್ನನ್ನು ಚುಚ್ಚಿ, ಬುಕಿಂಗು ರದ್ದು ಮಾಡುತ್ತೇನೆಂದೆ. ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಬಿಟ್ಟೋದೋನು ಅವ್ನು. ಮನೇಲಿ ಕೂರ್ಬೇಕಾದೋರು ನಾವಾ?” ಎಂದರು. ಹೊರಟೆವು.

ಸಂಸಾರವನ್ನು ಸಾಗರಕ್ಕೆ ಹೋಲಿಸಿ ಮಾತಾಡುವುದನ್ನು ನೀವೂ ಬೇಕಾದಷ್ಟು ಕೇಳಿರುತ್ತೀರಿ. ಆದರೆ ಸಾಗರದ ದಡಕ್ಕೇ ಹೋಗಿ ನಮ್ಮದೂ ಒಂದು ಸಂಸಾರವೆಂದು ಸಾಬೀತು ಮಾಡಬೇಕಾದೀತೆಂದು ನಾನಂತೂ ಎಣಿಸಿರಲಿಲ್ಲ. ಸ್ವಾಗತದ ಮೇಜಿನ ಹಿಂದಿದ್ದ ಹೆಂಗಸು ನಮ್ಮ ಮೂವರನ್ನೂ ನೋಡಿ, ನಾಲ್ಕನೆಯವರಿಗಾಗಿ ನಮ್ಮ ಬೆನ್ನ ಹಿಂದೆ ಕಣ್ಣಾಡಿಸಿ, ನಗುತ್ತಾ, “ಪಾಪಾ?” ಎಂದಳು. ಅತ್ತೆ ತಕ್ಷಣ ನನ್ನ ಕಡೆ ತಿರುಗಿ, “ಯಾಕೇ ಪಾಪ ಅಂತಾಳೆ ನಮ್ಮನ್ನ? ನಮಗೇನಾಗೈತೆ?” ಎಂದರು.

“ಪಾಪ ಅಲ್ಲ ಅತ್ತೆ, ಅಪ್ಪ ಎಲ್ಲಿ ಅಂತ ಕೇಳ್ತಿದಾರೆ.”

ಆಗ ನಕ್ಕು ನಿಜ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಯಾವ ಹೊತ್ತಿನಲ್ಲಿ ಯಾವ ನಾಚಿಕೆ ನಮ್ಮ ಬಾಯಿಂದ ಮಾತಾಡುತ್ತದೋ ಯಾರು ಬಲ್ಲರು! ಅವರಿಗೆ ಕೆಲಸ, ಎರಡು ದಿನ ಬಿಟ್ಟು ಬರುತ್ತಾರೆ ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಲಿಫ್ಟಿನಲ್ಲಿ ಮಿಹಿಕಾ ನನ್ನ ಮುಖ ನೋಡದೆ ಕೇಳಿದಳು: “ಅಮ್ಮ, ವೈ ಡಿಡ್ ಯೂ ಲೈ?” ಅತ್ತೆಗೆ ಅಷ್ಟು ಇಂಗ್ಲಿಷು ಬರುತ್ತದೆ. ಅವರೂ ನನ್ನ ಮುಖ ನೋಡಲಿಲ್ಲ.

ಒಂದು ಸುಳ್ಳಿಗೆ ಎಷ್ಟು ಚೆನ್ನಾಗಿ ಉಪಚಾರ ನಡೆಯಿತೆಂದರೆ, ಮೂರು ಹೊತ್ತೂ ನಮ್ಮ ಮೇಜಿನ ಮೇಲೆ ನಾಲ್ಕನೆಯ ತಟ್ಟೆ ಬಂದು ಕೂತಿತು. ಸಭ್ಯನಾದ ಮುದಿ ಬಡಿಸುವವನು ಪ್ರತಿ ಊಟಕ್ಕೂ ಅದರ ಪಕ್ಕ ಬಿಳಿ ಕರವಸ್ತ್ರ ಮಡಿಸಿಟ್ಟು, ಪಾಪಾ ನಾಳೆ ಬರುತ್ತಾರಲ್ಲವೇ ಎಂದು ಸನ್ನೆಯಲ್ಲಿ ವಿಚಾರಿಸುವನು, ನಾನು ತಲೆಯಾಡಿಸುವೆನು. ಜಗಳವಾಡಲೂ ಬಾರದ ಆ ಖಾಲಿ ತಟ್ಟೆಯ ಎದುರು ಕೂತು, ಒಳ್ಳೆಯ ಪಾಸ್ತಾವನ್ನೂ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಮೂರನೆಯ ದಿನ ಮಧ್ಯಾಹ್ನ ದಡದಲ್ಲಿ ಒಂದು ಆಟವಿತ್ತು. ಪ್ರತಿ ಕುಟುಂಬಕ್ಕೂ ಒಂದು ಬಕೆಟ್ಟು, ಒಂದು ಟಬ್ಬು. ಅಪ್ಪ ಸಮುದ್ರದೊಳಗೆ ನಿಂತು ಬಕೆಟ್ಟು ತುಂಬಬೇಕು, ಅಮ್ಮ ಅದನ್ನು ದಡಕ್ಕೆ ತರಬೇಕು, ಮಕ್ಕಳು ಓಡಿಹೋಗಿ ಟಬ್ಬಿಗೆ ಸುರಿಯಬೇಕು. ಮಿಹಿಕಾ ಹೆಸರು ಕೊಟ್ಟಾಗಿತ್ತು. ಸುತ್ತಲೂ ಅಪ್ಪಂದಿರು ದಬದಬ ನೀರಿಗಿಳಿಯುತ್ತಿದ್ದರು. ಮೈಕು ಹಿಡಿದ ಹೆಂಗಸು ನಮ್ಮ ಮುಂದೆ ಬಂದು ಮತ್ತದೇ, “ಪಾಪಾ?” ಎಂದಳು. ಮಗಳು ಬಕೆಟ್ಟನ್ನು ಮೆಲ್ಲಗೆ ಮರಳಿನ ಮೇಲಿಟ್ಟು, “ಇಟ್ಸ್ ಓಕೆ ಅಮ್ಮ. ಬೇಡ ಬಿಡು” ಎಂದಳು.

ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಅಷ್ಟು ಪಳಗಿದ ‘ಬೇಡ ಬಿಡು’ ಕೇಳಿದಾಗ ನನ್ನೊಳಗೆ ಏನೋ ಸೆಟೆದು ನಿಂತಿತು. ನಾನು ಬಚ್ಚಿಟ್ಟದ್ದನ್ನು ಕಾಯುವ ಕೆಲಸ ಅವಳಿಗೇಕೆ ಬೀಳಬೇಕು? ಗುಡಿಯ ಅಂಗಳದಲ್ಲಿ ತಗ್ಗಿಸಿದ ತಲೆಯನ್ನು ಇಷ್ಟು ದೂರದ ಕಡಲಿಗೂ ಹೊತ್ತುಕೊಂಡು ಬಂದಿದ್ದೆನಲ್ಲ ಎಂದು ನನ್ನ ಮೇಲೇ ರೋಷ ಬಂತು. ಎಲ್ಲರಿಗೂ ಕೇಳುವಂತೆ ಹೇಳಿದೆ: ಪಾಪಾ ಬಂದಿಲ್ಲ, ಬರುವುದೂ ಇಲ್ಲ, ಮೊದಲ ದಿನ ನಾನು ಹೇಳಿದ್ದು ಸುಳ್ಳು, ಇವರು ನನ್ನ ಅತ್ತೆ, ಇವಳು ನನ್ನ ಮಗಳು, ನಮ್ಮ ಕುಟುಂಬ ಇಷ್ಟೇ.

ಆಕಾಶ ಬೀಳುತ್ತದೆಂದು ಕಾದೆ. ಆಕೆ ಭುಜ ಕುಣಿಸಿದಳು. “ಸರಿ, ಹಾಗಾದರೆ ಅಜ್ಜಿ ನೀರಿಗೆ!” ಎಂದು ಮುಂದಿನ ಕುಟುಂಬದ ಕಡೆ ನಡೆದಳು. ಆರು ತಿಂಗಳು ನಾನು ಎದೆಯ ಮೇಲೆ ಹೊತ್ತಿದ್ದ ಬಂಡೆ ಅವಳಿಗೆ ಅರೆ ನಿಮಿಷದ ವಿಷಯ.

ಅತ್ತೆ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಎತ್ತಿಕಟ್ಟಿ, ಚಪ್ಪಲಿ ಕಳಚಿದ್ದರು. ಎಪ್ಪತ್ತೊಂದು ವರ್ಷಕ್ಕೆ ಅವರು ಸಮುದ್ರಕ್ಕಿಳಿದದ್ದು ಅದೇ ಮೊದಲು. ಮೊದಲ ಅಲೆಗೇ ಕುಸಿದು ಕೂತರು, ನಾನು ಓಡುವಷ್ಟರಲ್ಲಿ ಎದ್ದು, ಉಪ್ಪುನೀರು ಉಗುಳಿ, “ನನ್ನ ಬಿಡೇ, ಬಕೆಟ್ ಹಿಡ್ಕೊ!” ಎಂದು ಗದರಿದರು. ಮಿಹಿಕಾ ದಡದಲ್ಲಿ ಕುಣಿದು ಕುಣಿದು ಕೂಗುತ್ತಿದ್ದಳು: “ಅಜ್ಜೀ, ಫಾಸ್ಟ್! ಬೇಗ ಬೇಗ!” ಎಲ್ಲರಿಗಿಂತ ಕೊನೆಗೆ ಬಂದೆವು. ನಮ್ಮ ಟಬ್ಬು ಅರ್ಧವೂ ತುಂಬಿರಲಿಲ್ಲ. ಅಂದು ಊಟಕ್ಕೆ ಕೂರುವ ಮೊದಲು ನಾಲ್ಕನೆಯ ತಟ್ಟೆಯನ್ನು ನಾನೇ ಎತ್ತಿ ಆ ಮುದುಕನ ಕೈಗೆ ಕೊಟ್ಟೆ. ಅವನು ಏನೂ ಕೇಳದೆ ತೆಗೆದುಕೊಂಡು ಹೋದ.

ಮಿಹಿಕಾ ಒದ್ದೆ ಸೀರೆಯ ಅಜ್ಜಿಯ ಫೋಟೋವನ್ನು ತನ್ನ ಅಪ್ಪನಿಗೆ ಕಳಿಸಿದ್ದಳು. ಮರುದಿನ ಸಂಜೆ, ಕ್ಯಾಲಿಫೋರ್ನಿಯಾದಲ್ಲಿ ಬೆಳಗಾದ ಹೊತ್ತಿಗೆ, ಅವನ ಫೋನು ಬಂತು. ಛತ್ರಿಯ ಕೆಳಗೆ ಕೂತಿದ್ದ ಅತ್ತೆ ಕಿವಿ ಮಂದವೆಂದು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವರು.

“ಏನಮ್ಮ ಇದು, ಈ ವಯಸ್ಸಲ್ಲಿ? ನೋಡಿದೋರು ಏನಂತಾರೆ? ವಾಪಸ್ ಬಂದ್ಮೇಲೆ ನಮ್ಮನೆಗೆ ಬಂದ್ಬಿಡು. ಅವಳು ಈಗ ನಿಂಗೆ ಏನೂ ಆಗ್ಬೇಕಿಲ್ಲ.”

ನಾನು ಎದ್ದು ಹೋಗಲು ನೋಡಿದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

“ನಿನ್ನ ಡೈವರ್ಸ್ ಕಾಗ್ದದಲ್ಲಿ ನನ್ನ ಸಹಿ ಐತೇನೋ, ಪ್ರಕಾಶ?”

ಅವನು “ಅಮ್ಮಾ, ಅದಲ್ಲ...” ಎಂದು ಶುರುಮಾಡಿದ. ಅತ್ತೆ ಮುಂದುವರಿಸಲು ಬಿಡಲಿಲ್ಲ.

“ಇಲ್ವಲ್ಲ? ಬಿಟ್ಟಿರೋದು ನೀನು. ನಾನಲ್ಲ.” ಫೋನು ಇಟ್ಟರು.

ಆಮೇಲೆ ಕಡಲಿನ ಕಡೆಗೆ ನೋಡುತ್ತಾ, ತಗ್ಗಿದ ದನಿಯಲ್ಲಿ, “ತಿಂಡಿ ಆಯ್ತಾ ಅಂತ ಕೇಳ್ಲೇ ಇಲ್ಲ ಅವ್ನ” ಎಂದರು.

“ಮತ್ತೆ ಫೋನ್ ಮಾಡಿ ಅತ್ತೆ,” ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಬೇಡವೆಂದು ತಲೆಯಾಡಿಸಿದರು. “ನಾಳೆ ಕೇಳ್ತೀನಿ. ಇವತ್ತು ಹಂಗೇ ಇರ್ಲಿ.”