ಬಿಟ್ಟಲ್ಲೇ ನಿಲ್ಲುವ ಬಾಗಿಲು

ದಡಾರ್!

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಗಡಿಯಾರದ ಅಂಗಡಿಯ ಶಟರಿನ ಬೀಗ ತೆಗೆದು ಶಟರಕ್ಕ ಹಿಡಿಕೆಗೆ ಕೈ ಹಾಕುವುದೇ ತಡ, ಅದು ಹಗ್ಗ ಬಿಚ್ಚಿದ ಕರುವಿನ ಹಾಗೆ ಮೇಲಕ್ಕೆ ನೆಗೆದು ಪೆಟ್ಟಿಗೆಯೊಳಗೆ ಸುತ್ತಿಕೊಂಡುಬಿಡುತ್ತದೆ. ಎದುರು ಮಾಳಿಗೆಯ ಪಾರಿವಾಳಗಳು ಒಮ್ಮೆಲೇ ಹಾರುತ್ತವೆ. ಬಗ್ಗಿ ನೋಡುತ್ತಿದ್ದ ಗಂಡನ ಟೋಪಿ ಹೋಗಿ ಚರಂಡಿಯ ಅಂಚಿನಲ್ಲಿ ಕೂರುತ್ತದೆ. ಶಟರಕ್ಕನ ಕೈ ಮಾತ್ರ, ಹಿಡಿಕೆ ಇನ್ನೂ ಅಲ್ಲೇ ಇದೆ ಎಂಬಂತೆ, ಗಾಳಿಯಲ್ಲಿ ಮುಷ್ಟಿ ಕಟ್ಟಿಕೊಂಡು ನಿಂತಿದೆ.

“ನಿನ್ನ ಬಾಗಿಲಿಗೆ ನಿನಗಿಂತ ಅವಸರ ಕಣೇ,” ಎನ್ನುತ್ತಾರೆ ಗಂಡ, ಟೋಪಿ ಕೊಡವಿಕೊಳ್ಳುತ್ತ.

“ರೀ, ತಮಾಷೆ ಆಮೇಲೆ ಮಾಡಿ. ಏಳು ಗಂಟೆಗೆ ಶಟರು ನೋಡೋಕೆ ನಗರಾಡಳಿತದ ಮೇಡಂ ಬರ್ತಾರೆ. ಇದು ಅವರ ಎದುರಿಗೆ ಹೀಗೆ ಕುಣಿದ್ರೆ ನನ್ನ ಕಥೆ ಮುಗೀತು!”

ಹಾಗೆ ಹೇಳುವಾಗಲೂ ಅವರ ಕಣ್ಣುಗಳು ಮಿನುಗುತ್ತಿವೆ. ಐವತ್ತಮೂರರ ಹೆಂಗಸು, ಪರೀಕ್ಷೆಯ ಬೆಳಗಿನ ಶಾಲಾ ಹುಡುಗಿಯಂತೆ ಒಂದೆಡೆ ನಿಲ್ಲಲಾರರು.

ಈ ಬೀದಿಯಲ್ಲಿ ಅರವತ್ತನಾಲ್ಕು ಅಂಗಡಿಗಳಿವೆ, ಅರವತ್ತನಾಲ್ಕು ಕಬ್ಬಿಣದ ಶಟರುಗಳಿವೆ. ಅವುಗಳಿಗೆಲ್ಲ ಎಣ್ಣೆ ಹಾಕಿ, ಪಟ್ಟಿ ನೆಟ್ಟಗೆ ಮಾಡಿ, ಸ್ಪ್ರಿಂಗು ಬಿಗಿದು ಸಾಕುವವರು ಈ ಒಬ್ಬರೇ. ಹಾಗಾಗಿ ಹಿರಿಯರು ಕಿರಿಯರೆನ್ನದೆ ಎಲ್ಲರಿಗೂ ಇವರು ಶಟರಕ್ಕ. ಎಪ್ಪತ್ತು ದಾಟಿದ ಗಡಿಯಾರದ ಯಜಮಾನರೂ ಹಾಗೇ ಕರೆಯುತ್ತಾರೆ. ದಿನಾ ನಾಲ್ಕೂವರೆಗೆ ಎದ್ದರೆ, ಅಂಗಡಿ ತೆರೆಯುವ ಹೊತ್ತಿಗೆ ಒಂಬತ್ತೋ ಹತ್ತೋ ಶಟರುಗಳ ಆರೈಕೆ ಮುಗಿದಿರುತ್ತದೆ. ಒಂದು ಏಣಿ, ಎರಡು ಕಬ್ಬಿಣದ ಸರಳು, ಪೈಪು ಹಿಡಿಯುವ ದೊಡ್ಡ ಸ್ಪ್ಯಾನರು, ಎಣ್ಣೆ ಡಬ್ಬಿ, ಒಂದು ತುಂಡು ಸೀಮೆಸುಣ್ಣ: ಇವಿಷ್ಟೇ ಅವರ ಕಾರ್ಖಾನೆ.

ಕೆಲಸ ಕಲಿಸಿದವರು ಮಾವನವರು. ಸೊಸೆಯಾಗಿ ಬಂದ ಹೊಸದರಲ್ಲಿ ಊಟದ ಡಬ್ಬಿ ಕೊಡಲು ಬರುತ್ತಿದ್ದವರು ಏಣಿ ಹಿಡಿದರು, ಆಮೇಲೆ ಏಣಿ ಹತ್ತಿದರು. “ಮಾವ ಶಟರಿಗೆ ಕಿವಿ ಇಟ್ಟು ಕೇಳೋರು. ‘ಕೇಳಮ್ಮ, ಇದಕ್ಕೆ ಎಲ್ಲಿ ನೋವು ಅಂತ ಅದೇ ಹೇಳತ್ತೆ’ ಅನ್ನೋರು. ನಂಗೆ ಮೊದಮೊದಲು ನಗು ಬರೋದು. ಈಗ ನಾನೂ ಕಿವಿ ಇಡ್ತೀನಿ.” ಶಟರಕ್ಕನ ಎಡಗೈಯ ಕಿರುಬೆರಳಿನ ತುದಿ ಒಂದು ಶಟರಿಗೆ ಸಿಕ್ಕಿ ಹೋಗಿದೆ. ಒಂಬತ್ತು ವರ್ಷದ ಹಿಂದೆ ಜಾರಿದ ಸರಳೊಂದು ಗಂಡನ ಭುಜಕ್ಕೆ ಬಡಿದ ಮೇಲೆ, ಅವರು ಕೆಳಗೆ ನಿಂತು ಹಿಡಿಯುವವರಾದರು, ಇವರು ಮೇಲೆ ಹತ್ತಿ ತಿರುಗಿಸುವವರಾದರು. ಮನೆ ನಡೆಯುವುದು ಈ ಏಣಿಯ ಮೇಲೆಯೇ.

ಆ ಏಣಿ ಅಲುಗಿದ್ದು ಮೊನ್ನೆ ಮೊನ್ನೆ. ವ್ಯಾಪಾರದ ಬೀದಿಗಳಲ್ಲಿ ಇಡೀ ಮುಚ್ಚುವ ಶಟರು ಇನ್ನು ಸಲ್ಲದು, ಮುಚ್ಚಿದಾಗಲೂ ಒಳಗಿನದು ಹೊರಗೆ ಕಾಣಬೇಕು ಎಂದು ನಗರಾಡಳಿತ ನಿಯಮ ತಂದಿತು. ಆಚೆ ಬದಿಯ ಕಾಲುದಾರಿಯಲ್ಲಿ ನಿಂತವರಿಗೆ ಒಳಗಿನ ವಸ್ತು ಗುರುತು ಸಿಗಬೇಕು, ಆದರೆ ಹೊರಗಿನ ಕೈ ಒಳಗೆ ತೂರಬಾರದು. ಆರು ತಿಂಗಳ ಗಡುವು. ಹೊಸ ಶಟರುಗಳ ಚಿತ್ರಪುಸ್ತಕ ಹಿಡಿದು ಮಾರಾಟಗಾರರು ಬೀದಿಗಿಳಿದರು. ಎಲ್ಲವೂ ಗುಂಡಿ ಒತ್ತಿದರೆ ಏಳುವಂಥವು. ಅವುಗಳ ರಿಪೇರಿಗೂ ಕಂಪನಿಯವರೇ ಬರುತ್ತಾರೆ. ಶಟರಕ್ಕನಿಗೆ ಅಲ್ಲಿ ಕೆಲಸವಿಲ್ಲ.

ಆದರೂ ಅವರು ನಿಯಮವನ್ನು ಬೈಯಲಿಲ್ಲ. “ನಿಯಮ ಸರೀನೇ ಇದೆ. ಸಂಜೆ ಎಲ್ಲ ಮುಚ್ಚಿದ ಮೇಲೆ ಈ ಬೀದಿ ಕಣ್ಣು ಮುಚ್ಚಿದವರ ಹಾಗೆ ಇರತ್ತೆ. ಹೆಂಗಸರು ದಾಪುಗಾಲು ಹಾಕ್ತಾರೆ. ಒಳಗಿನ ಬೆಳಕು ಹೊರಗೆ ಬಂದ್ರೆ ಒಳ್ಳೇದೇ ಅಲ್ವಾ? ಆದ್ರೆ ಇಷ್ಟು ವರ್ಷ ಸಾಕಿದ ಬಾಗಿಲನ್ನ ಗುಜರಿಗೆ ಹಾಕೋದು ಯಾಕೆ? ಇದಕ್ಕೇ ಕಣ್ಣು ಕೊಡೋಣ ಅನ್ನಿಸ್ತು.”

ಗಡಿಯಾರದ ಯಜಮಾನರು ತಮ್ಮ ಶಟರನ್ನು ಧೈರ್ಯವಾಗಿ ಒಪ್ಪಿಸಿದರು. ಐವತ್ತೆರಡು ಪಟ್ಟಿಗಳ ಶಟರು. ಒಂದೊಂದು ಪಟ್ಟಿಯಲ್ಲಿ ಬೆರಳುದ್ದದ ಹನ್ನೆರಡು ಕಿಂಡಿ. ಮೂವತ್ತು ಪಟ್ಟಿ ಮುಗಿಸಿ ಸ್ಪ್ರಿಂಗು ಹೊಂದಿಸಿದ್ದರು. ನಿನ್ನೆ ಆಚೆ ಬದಿಗೆ ಹೋಗಿ ನೋಡಿದರೆ ಮೇಲ್ಭಾಗ ಇನ್ನೂ ಕತ್ತಲೆ. ಹುರುಪು ಬಂದು ಒಂದೇ ದಿನದಲ್ಲಿ ಇನ್ನೂ ಹತ್ತು ಪಟ್ಟಿ ಕೊರೆದರು, ನೂರಿಪ್ಪತ್ತು ಕಿಂಡಿ. ಸಂಜೆ ಎಲ್ಲವನ್ನೂ ಜೋಡಿಸಿ, ಇಬ್ಬರೂ ಜೋತುಬಿದ್ದು ಶಟರು ಇಳಿಸಿ ಬೀಗ ಜಡಿದರು. ಇಳಿಸುವಾಗ ಬಿಗಿ ಅನ್ನಿಸಿದ್ದನ್ನು ದಣಿವಿನ ಲೆಕ್ಕಕ್ಕೆ ಹಾಕಿದರು. ಅಲ್ಲೇ ತಪ್ಪಿದ್ದು.

ಶಟರಿನ ಮೇಲುಗಡೆ ಪೈಪಿನೊಳಗೆ ಸ್ಪ್ರಿಂಗು ಇರುತ್ತದೆ. ಶಟರಿನ ತೂಕ ಕೆಳಗೆಳೆಯುವಷ್ಟೇ ಅದು ಮೇಲಕ್ಕೆಳೆಯಬೇಕು. ಎರಡೂ ಸಮವಾದರೆ ಶಟರು ಬಿಟ್ಟಲ್ಲೇ ನಿಲ್ಲುತ್ತದೆ. ಕಿಂಡಿ ಕೊರೆದಷ್ಟೂ ಕಬ್ಬಿಣ ಹೋಯಿತು; ಸ್ಪ್ರಿಂಗಿನ ಬಿಗಿ ಹಾಗೇ ಉಳಿಯಿತು.

ಗಂಡನಿಗೆ ಈಗ ಹೊಳೆಯುತ್ತದೆ. ಅಂಗಡಿಯ ಮೂಲೆಯಲ್ಲಿರುವ ಬಕೆಟ್ಟಿನ ಕಡೆ ಬೆರಳು ತೋರಿಸುತ್ತಾರೆ. ಅದರ ತುಂಬ ನಿನ್ನೆ ಕೊರೆದ ಕಬ್ಬಿಣದ ಚೂರು. “ನಿನ್ನೆ ಅದನ್ನ ಒಳಗಿಡುವಾಗ ‘ಅಯ್ಯೋ ಎಷ್ಟು ಭಾರ’ ಅಂದೋಳು ಯಾರು? ಆ ಭಾರ ಎಲ್ಲಿಂದ ಬಂತು ಅಂತ ಕೇಳ್ಕೊಂಡ್ಯಾ?”

ಶಟರಕ್ಕ ಹಣೆ ಬಡಿದುಕೊಳ್ಳುತ್ತಾರೆ. ಮರುಗಳಿಗೆಯಲ್ಲಿ ಕೈ ತಟ್ಟುತ್ತಾರೆ. “ಬಕೆಟ್ ತನ್ನಿ!”

ಮುಂದಿನದು ನೋಡಿಯೇ ನಂಬಬೇಕಾದ ಕೆಲಸ. ಶಟರನ್ನು ಎದೆಮಟ್ಟಕ್ಕೆ ಎಳೆದು ಹಿಡಿಕೆಗೆ ಬಕೆಟ್ಟನ್ನು ನೇತುಹಾಕುತ್ತಾರೆ. ನೆಗೆಯುತ್ತಿದ್ದ ಶಟರು ಸಾಧುವಾಗಿ ನಿಲ್ಲುತ್ತದೆ. ಅಂದರೆ ಬಿಚ್ಚಬೇಕಾದ ಬಿಗಿ ಸರಿಯಾಗಿ ಒಂದು ಬಕೆಟ್ಟಿನಷ್ಟು. ಬಕೆಟ್ಟು ತೆಗೆದು, ಶಟರು ಮೇಲೇರಿಸಿ, ಏಣಿ ಹತ್ತುತ್ತಾರೆ. ಸ್ಪ್ರಿಂಗು ತಿರುಗಿಸುವ ಸರಳಿಗೆ ಕೈ ಹಾಕುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಾರೆ. ಕಬ್ಬಿಣದೊಳಗೂ ಒಂದು ಉಸಿರಿದೆ, ಅದನ್ನು ಕೇಳಿಯೇ ಮುಟ್ಟಬೇಕು ಎಂಬ ನಂಬಿಕೆ ಅವರದು.

“ಏಣಿ ಹಿಡಿದಿದ್ದೀರಾ?”

“ಹಿಡಿದಿದ್ದೀನಿ. ನೀನು ಮಾತಾಡ್ದೆ ತಿರುಗಿಸು.”

ಒಂದು ಸುತ್ತು ಬಿಚ್ಚಿ ನೋಡುತ್ತಾರೆ. ಬಿಟ್ಟರೆ ಶಟರು ಇನ್ನೂ ಗೇಣುದ್ದ ಏರುತ್ತದೆ. ಮತ್ತೆ ಏಣಿ. ಇನ್ನರ್ಧ ಸುತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತದೆ. ಕೆಳಗಿಳಿದು ಕೈ ಬಿಡುವ ಹೊತ್ತಿಗೆ ಒಳಗಿನ ಗಡಿಯಾರಗಳಲ್ಲಿ ಒಂದು ಏಳು ಹೊಡೆಯುತ್ತದೆ, ಇನ್ನೊಂದು ಹನ್ನೊಂದು. ಗಡಿಯಾರದ ಯಜಮಾನರು ಬರುತ್ತಾರೆ, ಅವರ ಹಿಂದೆಯೇ ಹೊರಗೆ ಸ್ಕೂಟರು ನಿಂತ ಸದ್ದು.

ಅಧಿಕಾರಿ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ಮಾತಿನಲ್ಲಿ ಚುರುಕು. ಶಟರು ಇಳಿಸಿ ಒಳಗಿನ ದೀಪ ಹಾಕಲು ಹೇಳಿ ಆಚೆ ಬದಿಗೆ ಹೋಗಿ ನಿಲ್ಲುತ್ತಾರೆ. ನಾನೂರ ಎಂಬತ್ತು ಕಿಂಡಿಗಳಿಂದ ಬೆಳಕು ರಸ್ತೆಗೆ ಚೆಲ್ಲಿದೆ.

“ಎಡಗಡೆ ದುಂಡನೆಯದು, ನಾಲ್ಕು ಇಪ್ಪತ್ತು. ಪಕ್ಕದ್ದು ಒಂಬತ್ತು. ಮೇಲಿನದು ಹನ್ನೊಂದು... ಯಜಮಾನ್ರೇ, ಇವುಗಳಲ್ಲಿ ಸರಿಯಾದ ಟೈಮು ಯಾವುದು?”

“ಎಲ್ಲಾ ರಿಪೇರಿಗೆ ಬಂದಿರೋವು ಮೇಡಂ. ಸರಿಯಾಗಿದ್ದಿದ್ರೆ ನನ್ನ ಹತ್ರ ಯಾಕೆ ಬರ್ತಿದ್ವು?”

ಅಧಿಕಾರಿ ನಗುತ್ತ ಹತ್ತಿರ ಬಂದು ಕಿಂಡಿಯಲ್ಲಿ ಬೆರಳು ತೂರಿಸಿ ನೋಡುತ್ತಾರೆ. ಗೆಣ್ಣಿಗೇ ತಡೆಯುತ್ತದೆ. ಆದರೆ ಹುಬ್ಬು ಗಂಟಿಕ್ಕುತ್ತದೆ. “ಕಾಣೋದೇನೋ ಕಾಣತ್ತೆ ಅಮ್ಮ. ಇಷ್ಟು ಕೊರೆದ ಮೇಲೆ ತೂಕ ಏರುಪೇರಾಗಿರಲ್ವಾ? ದಿಢೀರ್ ಅಂತ ಏರಿ ಯಾರಿಗಾದ್ರೂ ಬಡಿದ್ರೆ?”

ಗಂಡ ಟೋಪಿ ಮುಟ್ಟಿಕೊಳ್ಳುತ್ತಾರೆ. ಶಟರಕ್ಕ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. “ನೀವೇ ಎತ್ತಿ ಮೇಡಂ. ಎಲ್ಲಿ ಬೇಕೋ ಅಲ್ಲಿ ಕೈ ಬಿಡಿ.”

ಅಧಿಕಾರಿ ಕಾಲು ಊರಿ, ಎರಡೂ ಕೈಯಿಂದ ಎತ್ತಲು ಸಜ್ಜಾಗುತ್ತಾರೆ. ಅಷ್ಟು ಬಲ ಬೇಕಾಗುವುದಿಲ್ಲ. ಸೊಂಟದ ಮಟ್ಟದಲ್ಲಿ ಕೈ ಬಿಡುತ್ತಾರೆ, ನಿಲ್ಲುತ್ತದೆ. ಎದೆಮಟ್ಟದಲ್ಲಿ ಬಿಡುತ್ತಾರೆ, ನಿಲ್ಲುತ್ತದೆ. ಗಡಿಯಾರಗಳು ತಮ್ಮ ತಮ್ಮ ಸಮಯ ಹೇಳುತ್ತಿವೆ. ಒಂದು ನಿಮಿಷವಾದರೂ ಶಟರು ಕೂದಲೆಳೆಯಷ್ಟೂ ಕದಲಿಲ್ಲ. ಕೊನೆಗೆ ಎಪ್ಪತ್ತು ದಾಟಿದ ಯಜಮಾನರು ಮುಂದೆ ಬಂದು ಒಂದೇ ಬೆರಳಿನಿಂದ ಅದನ್ನು ಮೇಲಕ್ಕೆ ತಳ್ಳುತ್ತಾರೆ, ಮೊಮ್ಮಗುವಿನ ತೊಟ್ಟಿಲು ತೂಗಿದಂತೆ.

“ಉಳಿದ ಅರವತ್ತಮೂರಕ್ಕೂ ಹೀಗೇ ಮಾಡಿಸ್ಬಹುದು ಅಂತ ಬರೀತೀನಿ,” ಎನ್ನುತ್ತಾರೆ ಅಧಿಕಾರಿ. “ಗಡುವಿನೊಳಗೆ ಆಗತ್ತಾ?”

“ಆಗತ್ತೆ ಮೇಡಂ. ಆಗ್ದೆ ಏನು!” ಎಂದವರ ದನಿ ಎರಡು ಅಂಗಡಿ ಆಚೆಗೂ ಕೇಳಿಸುತ್ತದೆ.

ಸ್ಕೂಟರು ತಿರುವಿನಲ್ಲಿ ಮರೆಯಾದ ಮೇಲೆ ಶಟರಕ್ಕ ಸೀಮೆಸುಣ್ಣ ತೆಗೆದು ಪಕ್ಕದ ಅಂಗಡಿಯ ಶಟರಿನ ಮೇಲೆ ಕಿಂಡಿಗಳಿಗೆ ಗುರುತು ಹಾಕಲು ತೊಡಗಿದ್ದಾರೆ. ಇನ್ನೇನು ಆಸೆ ಎಂದು ಕೇಳಿದರೆ, ಒಂದು ಸಾಲು ಮುಗಿಸಿ, ಕೈಯ ಸುಣ್ಣ ಸೆರಗಿಗೆ ಒರೆಸಿಕೊಂಡು ಹೇಳುತ್ತಾರೆ: “ಅರವತ್ನಾಲ್ಕೂ ಮುಗಿದ ದಿನ ಸಂಜೆ, ಎಲ್ಲ ಬಾಗಿಲು ಹಾಕಿ ಒಳಗೆ ದೀಪ ಉರೀತಿರೋವಾಗ, ಇವರ ಜೊತೆ ಆ ತುದಿಯಿಂದ ಈ ತುದಿಗೆ ನಡ್ಕೊಂಡು ಬರ್ಬೇಕು. ಏಣಿ ಇಲ್ದೆ, ಚೀಲ ಇಲ್ದೆ. ಸುಮ್ನೆ, ಎಲ್ಲರ ಹಾಗೆ.”

“ಬಕೆಟ್ಟು?” ಎನ್ನುತ್ತಾರೆ ಗಂಡ.

“ಅದನ್ನ ನೀವು ಹಿಡ್ಕೊಳ್ಳಿ.”